ದೇಶ ಸುತ್ತಿದವರು, ಮನೆ ಕಾದವರು

'ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮಾತೇನೋ ನಿಜ. ಆದರೆ ಸುತ್ತುವವನು ಸುತ್ತುತ್ತಿರುವಾಗ ಮನೆಯ ದೀಪ ಹಚ್ಚುವವರು ಯಾರು, ಕೊಟ್ಟಿಗೆಯ ಸಗಣಿ ಬಾಚುವವರು ಯಾರು, ಕುಯ್ಲಿಗೆ ಬಂದ ಪೈರನ್ನು ಕಣಕ್ಕೆ ತರುವವರು ಯಾರು ಎಂಬುದನ್ನು ಗಾದೆ ಹೇಳುವುದಿಲ್ಲ. ನಮ್ಮ ಪ್ರವಾಸ ಸಾಹಿತ್ಯವೂ ಬಹುಮಟ್ಟಿಗೆ ಹೀಗೆಯೇ. ಅದರಲ್ಲಿ ಹಡಗು ಬರುತ್ತದೆ, ಹೋಟೆಲು ಬರುತ್ತದೆ, ಅರಮನೆ, ಚಿತ್ರಶಾಲೆ, ನಾಟಕಮಂದಿರ ಎಲ್ಲವೂ ಬರುತ್ತವೆ. ಅಷ್ಟು ದಿನ ಮನೆಯ ಬೀಗದಕೈ ಯಾರ ಸೊಂಟದಲ್ಲಿತ್ತು ಎಂಬ ಮಾತು ಮಾತ್ರ ಬರುವುದಿಲ್ಲ.

ಈ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ದೊರೆಯುವಂಥ ಒಂದು ಸಂಸಾರ ಚರಿತ್ರೆಯಲ್ಲಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್ ಮತ್ತು ಅವನ ಹೆಂಡತಿ ಅಬಿಗೇಲ್ ಪರಸ್ಪರ ಬರೆದ ಕಾಗದಗಳಲ್ಲಿ ನಮ್ಮ ಕಾಲದವರೆಗೆ ಉಳಿದು ಬಂದಿರುವುವೇ 1,100ಕ್ಕೂ ಹೆಚ್ಚು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಚರಿತ್ರ ಸಂಘದವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಈಗ ಯಾರು ಬೇಕಾದರೂ ತಮ್ಮ ಮನೆಯಲ್ಲಿ ಕುಳಿತೇ ಓದಬಹುದು. ನಾನು ಕನ್ನಡದ ಮೇಷ್ಟರು. ರಾಜಕೀಯ ಚರಿತ್ರೆ ನನ್ನ ಕಸುಬಲ್ಲ. ಸಂಧಿಪತ್ರಗಳ ಒಳಗುಟ್ಟು ತಿಳಿಯಲೆಂದು ನಾನು ಈ ಕಾಗದಗಳನ್ನು ಹಿಡಿಯಲಿಲ್ಲ. ಯೂರೋಪಿನ ಮಹಾನಗರಗಳ ವರ್ಣನೆಯ ಜೊತೆಜೊತೆಗೇ ತಿಪ್ಪೆಯ ಗೊಬ್ಬರ, ಸೇಬಿನ ಪೀಪಾಯಿ, ಕೂಲಿಯ ಲೆಕ್ಕ ಇವು ಒಂದೇ ಉಸಿರಿನಲ್ಲಿ ಬರುತ್ತವಲ್ಲ, ಆ ಗುಣ ನನ್ನನ್ನು ಹಿಡಿದು ನಿಲ್ಲಿಸಿತು.

ಬಾಸ್ಟನ್ನಿಗೆ ದಕ್ಷಿಣಕ್ಕೆ ಸುಮಾರು 10 ಮೈಲಿ ದೂರದಲ್ಲಿ ಬ್ರೇನ್‌ಟ್ರೀ ಎಂಬ ಊರು. ಆ ಊರಿನ ಒಂದು ಭಾಗವೇ 1792ರಲ್ಲಿ ಬೇರೆಯಾಗಿ ಕ್ವಿನ್ಸಿ ಎನ್ನಿಸಿಕೊಂಡಿತು. ಜಾನ್ ಆಡಮ್ಸ್ 1735ರಲ್ಲಿ ಅಲ್ಲಿಯ ಒಬ್ಬ ರೈತನ ಮಗನಾಗಿ ಹುಟ್ಟಿದ. ಹಾರ್ವರ್ಡಿನಲ್ಲಿ ಓದಿ ವಕೀಲನಾದ. ಅಬಿಗೇಲ್ ನೆರೆಯೂರಾದ ವೇಮತ್ತಿನ ಪಾದ್ರಿಯ ಮಗಳು, 1744ರಲ್ಲಿ ಹುಟ್ಟಿದವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತಂದೆಯ ಮತ್ತು ಅಜ್ಜನ ಮನೆಯ ಪುಸ್ತಕಗಳೇ ಅವಳ ಪಾಠಶಾಲೆ. 1764ರ ಅಕ್ಟೋಬರ್ 25ರಂದು ಇವರ ಮದುವೆಯಾಯಿತು.

ಅಕ್ಟೋಬರ್ ಎಂದರೆ ನಮ್ಮಲ್ಲಿ ಮಹಾನವಮಿ ಕಳೆದು ದೀಪಾವಳಿ ಹತ್ತಿರವಾಗುವ ದಿನಗಳು. ಮಳೆ ಹಿಂದೆಗೆದು ಹೊಲ ಹೊನ್ನಾಗುವ ಹೊತ್ತು. ಆ ನಾಡಿನಲ್ಲಿ ಶರತ್ಕಾಲದ ಬಣ್ಣವೇನೋ ನಮ್ಮದಕ್ಕಿಂತ ಹೆಚ್ಚು. ಆದರೆ ಬಣ್ಣ ನೋಡುತ್ತ ನಿಲ್ಲುವ ಪುರಸೊತ್ತು ರೈತನಿಗಿಲ್ಲ. ಮುಂದೆ ಐದು ತಿಂಗಳು ನೆಲ ಹೆಪ್ಪುಗಟ್ಟುತ್ತದೆ. ಅಷ್ಟರೊಳಗೆ ಸೇಬು ಕೊಯ್ದು, ಒಳ್ಳೆಯದನ್ನು ನೆಲಮಾಳಿಗೆಗೆ ಇಳಿಸಿ, ಉಳಿದದ್ದನ್ನು ಅರೆದು ಹಿಂಡಿ ಸೈಡರ್ ಎಂಬ ಹುಳಿಪಾನೀಯಕ್ಕೆ ಪೀಪಾಯಿ ತುಂಬಬೇಕು. ಮುಸುಕಿನ ಜೋಳದ ತೆನೆ ಮುರಿದು, ನೆರೆಹೊರೆಯವರನ್ನು ಕೂಡಿಸಿ ಸಿಪ್ಪೆ ಸುಲಿಯಬೇಕು. ಕಡಲಂಚಿನ ಜವುಗಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು ಮೆದೆ ಒಟ್ಟಬೇಕು. ಬಿರುಗಾಳಿ ದಡಕ್ಕೆ ತಂದೊಗೆದ ಕಡಲ ಪಾಚಿಯನ್ನು ಗಾಡಿಯಲ್ಲಿ ಹೇರಿ ತಂದು ಗೊಬ್ಬರಕ್ಕೆ ಹಾಕಬೇಕು. ಬಿದ್ದ ಕಲ್ಲುಗೋಡೆ ಎಬ್ಬಿಸಬೇಕು, ಸೌದೆ ಸೀಳಬೇಕು, ಮಾಂಸಕ್ಕೆ ಉಪ್ಪಿಡಬೇಕು, ಕೊಬ್ಬು ಕರಗಿಸಿ ಮೇಣದಬತ್ತಿ ಎರೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮಾಘದ ಚಳಿಯಲ್ಲಿ ಅದರ ಫಲ ಅನುಭವಿಸಬೇಕಾಗುತ್ತಿತ್ತು.

ಮದುವೆಯಾದ ಹತ್ತು ವರ್ಷಕ್ಕೆ, 1774ರಲ್ಲಿ, ಜಾನ್ ಆಡಮ್ಸ್ ವಸಾಹತುಗಳ ಮಹಾಸಭೆಗೆಂದು ಫಿಲಡೆಲ್ಫಿಯಾಕ್ಕೆ ಹೊರಟ. ಅಲ್ಲಿಂದ ಮುಂದೆ ಈ ಸುಗ್ಗಿಯ ಕೆಲಸಗಳೆಲ್ಲ ಹೆಂಡತಿಯ ತಲೆಯ ಮೇಲೆ ಬಿದ್ದವು. 1775ರ ಶರತ್ಕಾಲ ಅವಳ ಪಾಲಿಗೆ ಘೋರವಾಗಿ ಬಂತು. ಬಾಸ್ಟನ್ನನ್ನು ಸೈನ್ಯಗಳು ಸುತ್ತುವರಿದಿದ್ದ ಕಾಲ. ಹಳ್ಳಿಹಳ್ಳಿಗೆ ಆಮಶಂಕೆ ಹಬ್ಬಿತು. ಜಾನನ ತಮ್ಮ ಎಲೈಹು ಸತ್ತ. ಅಬಿಗೇಲಳೂ ಮಲಗಿದಳು, ಅವಳ ಎಳೆಯ ಮಗ ಥಾಮಸ್ ಮಲಗಿದ, ಆಳುಮಕ್ಕಳು ಮಲಗಿದರು. ದಿನದಿನವೂ ಬಂದು ಆರೈಕೆ ಮಾಡುತ್ತಿದ್ದ ತಾಯಿಗೇ ರೋಗ ತಗಲಿ, ಅಕ್ಟೋಬರ್ 1ರಂದು ಆಕೆ ತೀರಿಕೊಂಡಳು. ಮನೆಗೆಲಸದ ಪ್ಯಾಟಿ ಎಂಬ ಹುಡುಗಿಯೂ ಉಳಿಯಲಿಲ್ಲ. ಗಂಡ ಮುನ್ನೂರು ಮೈಲಿ ಆಚೆ ದೇಶಕಾರ್ಯದಲ್ಲಿದ್ದ. ದೇಶದ ಚರಿತ್ರೆಯಲ್ಲಿ 1775 ಎಂದರೆ ಬಂಕರ್ ಹಿಲ್ಲಿನ ಕಾಳಗ; ಈ ಮನೆಯ ಚರಿತ್ರೆಯಲ್ಲಿ ಅದು ಸಾಲುಸಾಲಾಗಿ ಹೆಣ ಹೊತ್ತ ವರ್ಷ.

ಆದರೂ ಆಕೆ ಕೈಚೆಲ್ಲಿ ಕೂಡಲಿಲ್ಲ. 1776ರ ಏಪ್ರಿಲಿನಲ್ಲಿ ಗಂಡನಿಗೆ ಬರೆಯುತ್ತಾಳೆ: ನಿಮಗೆ ರಾಜ್ಯತಂತ್ರದಲ್ಲಿ ಎಷ್ಟು ಹೆಸರು ಬಂದಿದೆಯೋ ನನಗೆ ಬೇಸಾಯದಲ್ಲಿ ಅಷ್ಟು ಹೆಸರು ಬರಬೇಕೆಂಬ ಆಸೆ, ಎಂದು. ಅದಕ್ಕೆ ಕೆಲವೇ ದಿನ ಮುಂಚೆ, ಮಾರ್ಚ್ 31ರಂದು ಬರೆದ ಕಾಗದ ಜಗತ್ಪ್ರಸಿದ್ಧವಾದದ್ದು. ನೀವು ಹೊಸ ಕಾನೂನುಗಳನ್ನು ಮಾಡುವಾಗ ಹೆಂಗಸರನ್ನು ಮರೆಯಬೇಡಿ, ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ ಎಂದು ಅದರಲ್ಲಿ ಕೇಳಿದ್ದಾಳೆ. ಜಾನ್ ಆಡಮ್ಸ್ ಆ ಮಾತನ್ನು ನಗೆಯಲ್ಲಿ ತೇಲಿಸಿಬಿಟ್ಟ. ಈ ನಗೆಯನ್ನು ವಾಚಕರು ನೆನಪಿನಲ್ಲಿಡಬೇಕು. ಇದಕ್ಕೆ ಅವಳು ಕೊಟ್ಟ ಉತ್ತರ 40 ವರ್ಷಗಳ ಮೇಲೆ ಬರುತ್ತದೆ.

1778ರ ಫೆಬ್ರವರಿಯಲ್ಲಿ ಆಡಮ್ಸ್ ಫ್ರಾನ್ಸಿಗೆ ರಾಯಭಾರಿಯಾಗಿ ಹೊರಟ. ಜೊತೆಗೆ 10 ವರ್ಷದ ಹಿರಿಯ ಮಗ ಜಾನ್ ಕ್ವಿನ್ಸಿ. 1779ರ ಆಗಸ್ಟಿನಲ್ಲಿ ಮರಳಿದ. ಆ ಶರತ್ಕಾಲವೊಂದನ್ನು ಮನೆಯಲ್ಲಿ ಕಳೆಯುತ್ತ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸಂವಿಧಾನದ ಕರಡು ಬರೆದ. ನವೆಂಬರಿನಲ್ಲಿ ಮತ್ತೆ ಹಡಗು ಹತ್ತಿದ. ಆ ಹಡಗು ನಡುಗಡಲಿನಲ್ಲಿ ಸೋರತೊಡಗಿ, ಸ್ಪೇನಿನ ಫೆರೋಲ್ ಬಂದರನ್ನು ಹೇಗೋ ಮುಟ್ಟಿತು. ಅಲ್ಲಿಂದ ಚಳಿಗಾಲದಲ್ಲಿ ಇಬ್ಬರು ಮಕ್ಕಳೊಂದಿಗೆ ಬೆಟ್ಟ ದಾಟಿ ಪ್ಯಾರಿಸಿಗೆ ಪಯಣ. ಅನಂತರ ಆಮ್‌ಸ್ಟರ್‌ಡ್ಯಾಮಿನಲ್ಲಿ ವಾಸ. ಅಲ್ಲಿ ಆತ ಜ್ವರದಿಂದ ಸಾಯುವಂತಾಗಿ, ಬದುಕಿ, ಪಟ್ಟುಹಿಡಿದು, 1782ರ ಏಪ್ರಿಲ್ 19ರಂದು ಡಚ್ಚರಿಂದ ಹೊಸ ರಾಷ್ಟ್ರಕ್ಕೆ ಮಾನ್ಯತೆ ದೊರಕಿಸಿದ. 50 ಲಕ್ಷ ಗಿಲ್ಡರುಗಳ ಸಾಲವನ್ನೂ ದೊರಕಿಸಿದ. 1778ರಿಂದ 1784ರ ಆಗಸ್ಟಿನವರೆಗಿನ ಆರೂವರೆ ವರ್ಷಗಳಲ್ಲಿ ಗಂಡಹೆಂಡಿರು ಒಂದೇ ಸೂರಿನ ಕೆಳಗಿದ್ದದ್ದು ಮೂರು ತಿಂಗಳಿಗೆ ತುಸು ಹೆಚ್ಚು, ಅಷ್ಟೆ.

ಇತ್ತ ಮನೆಯಲ್ಲಿ ಏನು ನಡೆಯಿತು? ಗಂಡಾಳುಗಳೆಲ್ಲ ಸೈನ್ಯಕ್ಕೆ ಹೋಗಿ ಕೂಲಿ ಏರಿತು. ಅಬಿಗೇಲ್ ಹೊಲವನ್ನು ಅರ್ಧಪಾಲಿನ ಕೋರಿಗೆ ಕೊಟ್ಟಳು. ಯುದ್ಧಕಾಲದ ಕಾಗದದ ಹಣ ದಿನದಿನಕ್ಕೆ ಬೆಲೆ ಕಳೆದುಕೊಳ್ಳುತ್ತಿತ್ತು. ಆಗ ಅವಳು ಗಂಡನಿಗೆ ಬರೆದಳು: ಹಣ ಕಳುಹಿಸಬೇಡಿ, ಸಾಮಾನು ಕಳುಹಿಸಿ. ಯೂರೋಪಿನಿಂದ ಕರವಸ್ತ್ರ, ಗುಂಡುಸೂಜಿ, ರಿಬ್ಬನ್ನು, ಬಟ್ಟೆ ಬಂದವು. ಬಂಧುಗಳ ಮೂಲಕ ಅವನ್ನು ಮಾರಿಸಿ ಮನೆ ನಡೆಸಿದಳು, ತೆರಿಗೆ ಕಟ್ಟಿದಳು. ಉಳಿದುದನ್ನು ಸರ್ಕಾರದ ಸಾಲಪತ್ರಗಳಲ್ಲಿ ತೊಡಗಿಸಿದಳು. ಜಾನ್ ಆಡಮ್ಸನಿಗೆ ನೆಲದ ಹುಚ್ಚು. ಹಣವಿದ್ದರೆ ಪಕ್ಕದ ಜವುಗನ್ನೋ ಗುಡ್ಡವನ್ನೋ ಕೊಂಡುಕೊ ಎಂದು ಬರೆಯುತ್ತಿದ್ದ. ನೆಲ ತರುವ ಆದಾಯ ಅಲ್ಪ, ಪತ್ರಗಳು ತರುವುದು ಹೆಚ್ಚು ಎಂದು ಆಕೆ ಲೆಕ್ಕ ಹಾಕಿದ್ದಳು. ಅವಳ ಲೆಕ್ಕವೇ ಸರಿಯೆಂದು ಕಾಲ ತೋರಿಸಿತು. ತಾನೂ ಒಮ್ಮೆ ನೆಲದಾಸೆಗೆ ಬಿದ್ದು, 1782ರಲ್ಲಿ ದೂರದ ವೆರ್ಮಾಂಟಿನಲ್ಲಿ ಕಾಡುಭೂಮಿ ಕೊಂಡಳು. ಅದಕ್ಕೆ ಗಂಡನಿಂದ ಬಂದ ಉತ್ತರ ಸೊಗಸಾಗಿದೆ: ವೆರ್ಮಾಂಟಿನ ಗೊಡವೆ ಬೇಡ, ಕಡಲಿನ ವಾಸನೆ ಮೂಗಿಗೆ ಬರುವ ಕಡೆಯೇ ನಾನಿರಬೇಕು!

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇದೇ ವರ್ಷಗಳಲ್ಲಿ ನಮ್ಮ ಮೈಸೂರು ರಾಜ್ಯವೂ ಇಂಗ್ಲಿಷರೊಡನೆ ಹೋರಾಡುತ್ತಿತ್ತು. ಅಮೆರಿಕದವರಿಗೆ ಈ ಸುದ್ದಿ ತಿಳಿಯದೆ ಇರಲಿಲ್ಲ. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಆಲಿ' ಎಂದೇ ಹೆಸರಿಟ್ಟಿದ್ದರು. 1782ರ ಏಪ್ರಿಲಿನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಇಂಗ್ಲಿಷ್ ನೌಕೆಯನ್ನು ಸೆರೆಹಿಡಿಯಿತು. 1783ರಲ್ಲಿ ಇಂಗ್ಲೆಂಡು ಫ್ರಾನ್ಸುಗಳ ನಡುವೆ ಶಾಂತಿಯಾಯಿತೆಂಬ ವಾರ್ತೆ ಮಂಗಳೂರಿನ ಮುತ್ತಿಗೆಯ ಪಾಳೆಯವನ್ನು ಮುಟ್ಟಿದಾಗ, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಕತ್ತಿ ಕೆಳಗಿಟ್ಟು ದೂರ ಸರಿದರು. ಟಿಪ್ಪು ಒಬ್ಬನೇ ಹೋರಾಡಿ 1784ರ ಮಾರ್ಚ್ 11ರಂದು ಮಂಗಳೂರು ಕೌಲು ಮಾಡಿಕೊಂಡ. ಪ್ಯಾರಿಸಿನಲ್ಲಿ 1783ರ ಸೆಪ್ಟೆಂಬರ್ 3ರಂದು ಅಮೆರಿಕದ ಪರವಾಗಿ ಸಹಿ ಹಾಕಿದ ಮೂವರಲ್ಲಿ ನಮ್ಮ ಈ ಬ್ರೇನ್‌ಟ್ರೀಯ ರೈತ ಒಬ್ಬ. ಅಂದಿನ ಶಾಂತಿ ಒಂದು ನಾಡಿಗೆ ಸ್ವಾತಂತ್ರ್ಯ ತಂದಿತು. ಇನ್ನೊಂದರ ಮಿತ್ರರನ್ನು ಕಿತ್ತುಕೊಂಡಿತು.

ಶಾಂತಿಯಾದರೂ ಗಂಡ ಮರಳಲಿಲ್ಲ. ಹೆಂಡತಿಯೇ ಬಾ ಎಂದು ಕರೆ ಬಂತು. ಅಬಿಗೇಲಳಿಗೆ ಕಡಲೆಂದರೆ ಭಯ. ವೃದ್ಧ ತಂದೆಯನ್ನು ಬಿಟ್ಟು ಹೊರಡುವಂತಿರಲಿಲ್ಲ. 1783ರ ಸೆಪ್ಟೆಂಬರಿನಲ್ಲಿ ತಂದೆ ತೀರಿಕೊಂಡ. ಮಕ್ಕಳನ್ನು ತಂಗಿಯ ವಶಕ್ಕೆ ಒಪ್ಪಿಸಿದಳು. ಹಣಕಾಸನ್ನು ಕಾಟನ್ ಟಫ್ಟ್ಸ್ ಎಂಬ ಹಿರಿಯ ಬಂಧುವಿಗೆ ಒಪ್ಪಿಸಿದಳು. ಮನೆ?

ಮನೆಯನ್ನು ಒಪ್ಪಿಸಿದ್ದು ಫೀಬಿ ಎಂಬವಳಿಗೆ. ಅಬಿಗೇಲಳ ತಂದೆ ಪಾದ್ರಿಯಾಗಿದ್ದರೂ ಗುಲಾಮರನ್ನು ಇಟ್ಟುಕೊಂಡಿದ್ದ. ಫೀಬಿ ಆ ಮನೆಯ ಗುಲಾಮಳು, ಕರಿಯ ಹೆಂಗಸು. ಯಜಮಾನನ ಉಯಿಲಿನಿಂದ ಅವಳಿಗೆ ಬಿಡುಗಡೆ ದೊರೆತು ಹೆಚ್ಚು ದಿನವಾಗಿರಲಿಲ್ಲ. ವಿಲಿಯಂ ಆಬ್ಡಿ ಎಂಬವನನ್ನು ಮದುವೆಯಾಗಿದ್ದಳು. ಈ ದಂಪತಿಗಳು ಬ್ರೇನ್‌ಟ್ರೀಯ ಮನೆಯಲ್ಲಿ ಉಳಿದರು. ಆ ದಂಪತಿಗಳು ಯೂರೋಪಿನ ನಗರಗಳನ್ನು ನೋಡಿದರು. ಆಡಮ್ಸರ ಸಂಸಾರದ ಬಗ್ಗೆ ಗ್ರಂಥಗಳು ರಾಶಿರಾಶಿಯಾಗಿವೆ. ಒಲೆ ಹಚ್ಚಿ, ಧೂಳು ಗುಡಿಸಿ, ಆ ಮನೆಯನ್ನು ಮನೆಯಾಗಿ ಉಳಿಸಿದ ಫೀಬಿಗೆ ಅವುಗಳಲ್ಲಿ ಸಿಕ್ಕಿರುವುದು ಬಹುತೇಕ ಒಂದೆರಡು ಸಾಲು.

1784ರ ಜೂನ್ 20ರಂದು ಅಬಿಗೇಲ್ ಮಗಳೊಡನೆ, ಇಬ್ಬರು ಆಳುಗಳೊಡನೆ, ಹಾಲಿಗಾಗಿ ಒಂದು ಹಸುವಿನೊಡನೆ 'ಆಕ್ಟಿವ್' ಎಂಬ ಹಡಗು ಹತ್ತಿದಳು. ಹಡಗಿನಲ್ಲಿ ತುಂಬಿದ್ದುದು ತಿಮಿಂಗಿಲದ ಎಣ್ಣೆ ಮತ್ತು ಪೊಟ್ಯಾಷ್. ಎರಡರ ವಾಸನೆಯೂ ಕೂಡಿ ಹೊಟ್ಟೆ ತೊಳಸಿತು. ವಾಕರಿಕೆ ನಿಂತ ಕೂಡಲೆ ಆಕೆ ಮಾಡಿದ ಮೊದಲ ಕೆಲಸ ನಾವಿಕರಿಂದ ಹಡಗನ್ನು ಉಜ್ಜಿ ತೊಳೆಸಿದ್ದು. ಹಸು ಬಿರುಗಾಳಿಯಲ್ಲಿ ಪೆಟ್ಟು ತಿಂದು ಕಡಲ ಪಾಲಾಯಿತು. ಒಂದು ತಿಂಗಳಿಗೆ ಇಂಗ್ಲೆಂಡಿನ ಡೀಲ್ ಎಂಬಲ್ಲಿ ಇಳಿದರು. ಆಗಸ್ಟ್ 7ರಂದು ಲಂಡನ್ನಿನಲ್ಲಿ ಗಂಡಹೆಂಡಿರ ಭೇಟಿಯಾಯಿತು. ಎಲ್ಲವನ್ನೂ ಬರೆಯುವ ಅಬಿಗೇಲ್ ಆ ಭೇಟಿಯ ವರ್ಣನೆಯನ್ನು ಮಾತ್ರ ಬರೆಯದೆ ಬಿಟ್ಟಿದ್ದಾಳೆ. ಬಿಟ್ಟದ್ದೇ ಚೆನ್ನ.

ಪ್ಯಾರಿಸಿನ ಹೊರವಲಯದ ಓಟೇ ಎಂಬಲ್ಲಿ ದೊಡ್ಡದೊಂದು ಬಂಗಲೆ ಹಿಡಿದರು. ಅಬಿಗೇಲಳ ದೃಷ್ಟಿ ಅಲ್ಲಿ ಮೊದಲು ಹೋದದ್ದು ಕನ್ನಡಿಗಳ ಮೇಲಲ್ಲ, ಆಳುಗಳ ಮೇಲೆ. ಒಬ್ಬೊಬ್ಬನಿಗೂ ಒಂದೊಂದು ಕೆಲಸ. ತನ್ನದಲ್ಲದ ಕಡ್ಡಿಯನ್ನೂ ಒಬ್ಬ ಎತ್ತಿಡ. ಅಡುಗೆಯವಳು ಪಾತ್ರೆ ಮುಟ್ಟಳು; ತೋಟದವನು ಮನೆಯೊಳಕ್ಕೆ ಬಾರ. ನೆಲ ಉಜ್ಜುವುದಕ್ಕೆಂದೇ ಒಬ್ಬ ಆಳು. ಅವನು ಕಾಲಿಗೆ ಕುಂಚ ಕಟ್ಟಿಕೊಂಡು ಕೋಣೆಯ ತುಂಬ ಕುಣಿದು ಹೊಳಪು ಕೊಡುತ್ತಿದ್ದ! ಆಳುಗಳಿಗೂ ತಲೆಗೂದಲು ಸಿಂಗರಿಸಿ ಪುಡಿ ಹಾಕದಿದ್ದರೆ ಪ್ಯಾರಿಸಿನವರು ನಗುತ್ತಿದ್ದರು. ಒಂದು ಕುಟುಂಬಕ್ಕೆ ಬೆಳಗಿನಿಂದ ಇರುಳಿನವರೆಗೆ ಎಷ್ಟು ಕೆಲಸ ಬೇಕೆಂಬುದು ಗೊತ್ತಿದ್ದ ಹೆಂಗಸಿಗೆ ಇದು ವೈಭವವಾಗಿ ಕಾಣಲಿಲ್ಲ, ಅಪವ್ಯಯವಾಗಿ ಕಂಡಿತು. ನೃತ್ಯರೂಪಕದ ನರ್ತಕಿಯರನ್ನು ಮೊದಲ ಸಲ ಕಂಡು ನಾಚಿ ತಲೆತಗ್ಗಿಸಿದಳು. ಕೆಲವು ತಿಂಗಳಲ್ಲಿ ಅದೇ ನೃತ್ಯವನ್ನು ಸಂತೋಷದಿಂದ ನೋಡತೊಡಗಿದಳು. ಅದನ್ನೂ ಮುಚ್ಚಿಡದೆ ಅಕ್ಕತಂಗಿಯರಿಗೆ ಬರೆದಳು. ನಗರದ ಅನಾಥ ಶಿಶುಗಳ ಆಸ್ಪತ್ರೆಗೂ ಹೋದಳು. ಸಾಲಾಗಿ ಮಲಗಿಸಿದ್ದ ಹಸುಗೂಸುಗಳನ್ನು ಕಂಡ ಮೇಲೆ ಪ್ಯಾರಿಸಿನ ದೀಪಗಳು ಅವಳಿಗೆ ಮೊದಲಿನಂತೆ ಹೊಳೆಯಲಿಲ್ಲ.

1785ರಲ್ಲಿ ಆಡಮ್ಸ್ ಇಂಗ್ಲೆಂಡಿಗೆ ಅಮೆರಿಕದ ಮೊದಲನೆಯ ರಾಯಭಾರಿಯಾದ. ಜೂನ್ 1ರಂದು ಮೂರನೆಯ ಜಾರ್ಜ್ ದೊರೆಯ ಎದುರು ನಿಂತ. ನಿನ್ನೆಯವರೆಗೆ ಯಾರನ್ನು ರಾಜದ್ರೋಹಿಯೆಂದು ಗಲ್ಲಿಗೇರಿಸಬಹುದಾಗಿತ್ತೋ ಅವನೇ ಇಂದು ಸಮಾನ ರಾಷ್ಟ್ರದ ಪ್ರತಿನಿಧಿ! ಗ್ರೋವ್ನರ್ ಚೌಕದಲ್ಲಿ ಅವರ ಮನೆ. ದರ್ಬಾರಿನಲ್ಲಿ ಗಂಟೆಗಟ್ಟಲೆ ನಿಂತು ದೊರೆಯ ಎರಡು ಮಾತಿಗಾಗಿ ಕಾಯುವುದು ಅಬಿಗೇಲಳಿಗೆ ಬೇಸರ ತಂದಿತು. ಸೇರಿದ್ದು ಬೇರೆ. 1787ರಲ್ಲಿ ವಿಜ್ಞಾನದ ಹನ್ನೆರಡು ಉಪನ್ಯಾಸಗಳಿಗೆ ಹಣ ಕಟ್ಟಿ, ವಿದ್ಯುತ್ತು, ಅಯಸ್ಕಾಂತ, ಬೆಳಕು ಮುಂತಾದ ವಿಷಯಗಳ ಐದನ್ನು ಕೇಳಿದಳು; ಉಳಿದವನ್ನು ಅನಾರೋಗ್ಯ ತಪ್ಪಿಸಿತು. ಎಂದೂ ಕಾಣದ ಸುಂದರ ದೇಶವೊಂದನ್ನು ಹೊಕ್ಕಂತಾಯಿತೆಂದೂ, ತನ್ನ ನಾಡಿನ ಹೆಣ್ಣುಮಕ್ಕಳಿಗೆ ಆ ದೇಶದ ಬಾಗಿಲು ತೆರೆದಿಲ್ಲವೆಂದೂ ಕೊರಗಿ ಬರೆದಿದ್ದಾಳೆ. ಲಂಡನ್ನಿನಲ್ಲಿ ಅವಳು ನೋಡಿದ್ದರಲ್ಲಿ ನಿಜವಾದ ಪ್ರವಾಸ ಇದೇ ಎಂದು ನನಗೆ ತೋರುತ್ತದೆ.

ಆಕೆಯ ದೌರ್ಬಲ್ಯವನ್ನೂ ಹೇಳಬೇಕು. ಸಾರಾ ಸಿಡನ್ಸ್ ಎಂಬ ಮಹಾನಟಿಯ ಡೆಸ್ಡಿಮೋನಳನ್ನು ನೋಡಲು ಹೋದಾಗ, ಕರಿಯ ಬಣ್ಣ ಬಳಿದುಕೊಂಡ ಒಥೆಲೋ ಆಕೆಯನ್ನು ಮುಟ್ಟಿದಾಗಲೆಲ್ಲ ತನಗೆ ಮೈ ಜುಮ್ಮೆಂದಿತೆಂದು ಬರೆದಿದ್ದಾಳೆ. ಇದು ಓದಿನಿಂದ ಬಂದದ್ದೋ ಹುಟ್ಟಿನಿಂದ ಬಂದದ್ದೋ ಎಂದು ತನ್ನನ್ನು ತಾನೇ ಕೇಳಿಕೊಂಡಿದ್ದಾಳೆ. ಅದೇ ಹೊತ್ತಿನಲ್ಲಿ ಅವಳ ಮನೆಯ ಬೀಗದಕೈ ಕರಿಯ ಹೆಂಗಸೊಬ್ಬಳ ಕೈಯಲ್ಲಿತ್ತು. ಮನೆ ನಂಬಿ ಒಪ್ಪಿಸಬಹುದು, ರಂಗದ ಮೇಲಿನ ಸ್ಪರ್ಶವನ್ನು ಸಹಿಸಲಾಗದು! ನಮ್ಮ ಅಗ್ರಹಾರಗಳ ಚರಿತ್ರೆ ಬಲ್ಲವರಿಗೆ ಈ ವಿಚಿತ್ರ ಹೊಸದಲ್ಲ.

ಗಂಡನೋ? ಲಂಡನ್ನಿನಲ್ಲಿದ್ದರೂ ಅವನ ಮನಸ್ಸು ಬ್ರೇನ್‌ಟ್ರೀಯ ತಿಪ್ಪೆಯಲ್ಲೇ ಇತ್ತು. 1786ರ ಜುಲೈಯಲ್ಲಿ ಎಡ್ಜ್‌ವೇರ್ ರಸ್ತೆಯಲ್ಲಿ ತಿರುಗಾಡುತ್ತಿದ್ದಾಗ ಹಸು ಸಾಕುವವನೊಬ್ಬನ ಹುಲ್ಲುಗಾವಲ ಬದಿಯಲ್ಲಿ ಗೊಬ್ಬರದ ಗುಡ್ಡೆಗಳನ್ನು ಕಂಡ. ನಿಂತು, ಕೆದಕಿ, ಅದರಲ್ಲಿ ಒಣಹುಲ್ಲೆಷ್ಟು, ಲದ್ದಿಯೆಷ್ಟು, ಮಣ್ಣೆಷ್ಟು ಎಂದು ಪರೀಕ್ಷಿಸಿದ. ಗೊಬ್ಬರ ಒಳ್ಳೆಯದೇ ಇರಬಹುದು, ಆದರೆ ನನ್ನದಕ್ಕೆ ಸಮನಲ್ಲ ಎಂದು ದಿನಚರಿಯಲ್ಲಿ ತೀರ್ಪು ಬರೆದ. ಇಡೀ ಯೂರೋಪು ಪ್ರವಾಸದ ದಾಖಲೆಗಳಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಸಾಲು ಇನ್ನೊಂದಿಲ್ಲ.

ಅದೇ ಆಗಸ್ಟಿನಲ್ಲಿ ದಂಪತಿಗಳು ಕೂಡಿ ಹಾಲೆಂಡಿಗೆ ಹೋದರು. ರಾಟರ್‌ಡ್ಯಾಮ್, ಡೆಲ್ಫ್ಟ್, ಹೇಗ್, ಲೈಡನ್, ಹಾರ್ಲೆಮ್, ಆಮ್‌ಸ್ಟರ್‌ಡ್ಯಾಮ್, ಯೂಟ್ರೆಕ್ಟ್ ಎಲ್ಲವನ್ನೂ ಕಂಡರು. ಗಂಡ ಒಂಟಿಯಾಗಿ ನರಳಿದ ಊರುಗಳನ್ನು ಹೆಂಡತಿ ಈಗ ಅವನ ಪಕ್ಕದಲ್ಲಿ ಕುಳಿತು ನೋಡಿದಳು. ಅಲ್ಲಿಯ ಚೊಕ್ಕಟತನ ಆಕೆಗೆ ಹಿಡಿಸಿತು. 1787ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪಶ್ಚಿಮದ ಡೆವನ್ ಸೀಮೆಗೆ ಹೋದಾಗ, ಹಸುರು ಹೊಲಗಳ ನಡುವೆ ಗೇಣಿದಾರರ ಬಡತನವನ್ನು ಕಂಡು, ತನ್ನ ನಾಡಿನ ರೈತ ತನ್ನ ನೆಲಕ್ಕೆ ತಾನೇ ಒಡೆಯನೆಂಬುದನ್ನು ನೆನೆದು ನಿಟ್ಟುಸಿರುಬಿಟ್ಟಳು.

1788ರ ಏಪ್ರಿಲಿನಲ್ಲಿ ಹೊರಟು ಜೂನ್ 17ರಂದು ಬಾಸ್ಟನ್ ಸೇರಿದರು. ದಾರಿಯಲ್ಲಿ ಅವರ ಆಳು ಎಸ್ತರ್ ಹಡಗಿನಲ್ಲೇ ಹೆಣ್ಣುಮಗುವನ್ನು ಹೆತ್ತಳು. ಅದೇ ಬೇಸಿಗೆಯಲ್ಲಿ ಟಿಪ್ಪುಸುಲ್ತಾನನ ರಾಯಭಾರಿಗಳು ಪ್ಯಾರಿಸಿಗೆ ಬಂದರು. ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ದೊರೆಯ ಭೇಟಿಯಾಯಿತು. ಬ್ರೇನ್‌ಟ್ರೀಯವರು ಯೂರೋಪು ಬಿಟ್ಟ ಬೆನ್ನಿಗೇ ಶ್ರೀರಂಗಪಟ್ಟಣದವರು ಬಂದರೆನ್ನಬೇಕು.

ಲಂಡನ್ನಿನಿಂದಲೇ ಬಂಧುವಿನ ಮೂಲಕ 600 ಪೌಂಡಿಗೆ ಹೊಸ ಮನೆ ಕೊಂಡಿದ್ದರು. ಅದು 1731ರಲ್ಲಿ ಜಮೈಕಾದ ಸಕ್ಕರೆ ತೋಟಗಳ ಒಡೆಯನೊಬ್ಬ ಕಟ್ಟಿಸಿದ್ದು. ಅಬಿಗೇಲಳ ನೆನಪಿನಲ್ಲಿ ಅದು ದೊಡ್ಡ ಮನೆ. ಗ್ರೋವ್ನರ್ ಚೌಕವನ್ನು ಕಂಡ ಕಣ್ಣಿಗೆ ಗುಬ್ಬಿಗೂಡಾಗಿ ಕಂಡಿತು. ಮಗಳಿಗೆ ಬರೆದಳು: ನೀನು ಬರುವಾಗ ತಲೆಗೆ ಗರಿ ಸಿಕ್ಕಿಸಿಕೊಂಡು ಬರಬೇಡ, ನಿನ್ನ ಗಂಡನೂ ಹಿಮ್ಮಡಿಯಿಲ್ಲದ ಬೂಟು ಹಾಕಿಕೊಂಡು ಬರಲಿ, ಇಲ್ಲದಿದ್ದರೆ ತಲೆ ಸೂರಿಗೆ ತಗಲೀತು! ಮನೆಯ ತುಂಬ ಬಡಗಿಗಳು, ಗಾರೆಯವರು. ಯೂರೋಪಿನಿಂದ ತಂದ ಪೀಠೋಪಕರಣ ಅರ್ಧ ಮುರಿದಿತ್ತು. ಆದರೆ ಬೇಗನೆ ಬೇಲಿ, ಗೋಡೆ, ಹಸು, ಹುಲ್ಲುಗಳ ಕೆಲಸ ಮೊದಲಾಯಿತು.

ಮುಂದೆ ಆಡಮ್ಸ್ ಉಪಾಧ್ಯಕ್ಷನಾದ. ಬಿಡುವು ಸಿಕ್ಕಾಗಲೆಲ್ಲ ಊರಿಗೆ ಓಡಿಬರುತ್ತಿದ್ದ. 1796ರ ಬೇಸಿಗೆಯಿಂದ ಶರತ್ಕಾಲದವರೆಗಿನ ಅವನ ದಿನಚರಿಯನ್ನು ನೋಡಬೇಕು: ಬೆಳಿಗ್ಗೆ ಒಂದು ಗುಟುಕು ಸೈಡರ್, ಆಮೇಲೆ ಗೋಡೆ ಕಟ್ಟುವವರ ಮೇಲ್ವಿಚಾರಣೆ, ಪಾಚಿ ಹೇರಿದ ಗಾಡಿಗಳ ಲೆಕ್ಕ, ಕುಡಿದು ಬಂದ ಆಳಿನ ಮೇಲೆ ಸಿಟ್ಟು, ಸಂಜೆ ಸಿಸೆರೋ. ಸೆಪ್ಟೆಂಬರ್ 8ರಂದು ಆ ನೆಲಕ್ಕೆ 'ಪೀಸ್‌ಫೀಲ್ಡ್' — ಶಾಂತಿಯ ಹೊಲ — ಎಂದು ಹೆಸರಿಡಬೇಕೆಂದು ಬರೆದುಕೊಂಡ. 1783ರಲ್ಲಿ ತಾನು ಮಾಡಿಸಿದ ಶಾಂತಿ, ಆಮೇಲೆ ಹದಿಮೂರು ವರ್ಷ ಉಳಿಸಿಕೊಂಡ ಶಾಂತಿ, ಆ ಮನೆಯಲ್ಲಿ ತನಗೆ ದೊರೆತ ಶಾಂತಿ, ಮೂರರ ನೆನಪಿಗೂ ಈ ಹೆಸರು. ಹನ್ನೊಂದು ದಿನ ಕಳೆಯುವಷ್ಟರಲ್ಲಿ ವಾಷಿಂಗ್ಟನ್ನನ ವಿದಾಯ ಪತ್ರ ಅಚ್ಚಾಯಿತು. ಚುನಾವಣೆಯ ಗದ್ದಲ ಮೊದಲಾಗಿ, ಪೀಸ್‌ಫೀಲ್ಡಿನ ರೈತ ಅಧ್ಯಕ್ಷನಾದ.

ಆಗ ಅಬಿಗೇಲಳ ಹೃದಯದಲ್ಲಾದ ಬದಲಾವಣೆಗೆ ಒಂದು ಸಾಕ್ಷಿ ಇದೆ. 1797ರಲ್ಲಿ ಮನೆಯ ಆಳು ಜೇಮ್ಸ್ ಎಂಬ ಕರಿಯ ಹುಡುಗನನ್ನು ಊರ ರಾತ್ರಿಶಾಲೆಗೆ ಸೇರಿಸಿದಳು. ಇವನು ಬಂದರೆ ಉಳಿದ ಹುಡುಗರು ಬಿಡುತ್ತಾರೆ, ಶಾಲೆ ಮುಚ್ಚುತ್ತದೆ ಎಂದು ನೆರೆಯವನೊಬ್ಬ ದೂರು ತಂದ. ಮುಖ ಕಪ್ಪಾಗಿರುವ ಒಂದೇ ಕಾರಣಕ್ಕೆ ಅವನಿಗೆ ವಿದ್ಯೆ ತಪ್ಪಿಸಬೇಕೆ, ಮುಂದೆ ಅವನು ಹೊಟ್ಟೆ ಹೊರೆಯುವುದು ಹೇಗೆ ಎಂದು ಆಕೆ ಎದುರು ನಿಂತು ಕೇಳಿದಳು. ದೂರು ಅಲ್ಲಿಗೇ ನಿಂತಿತು. ಹುಡುಗ ಶಾಲೆಗೆ ಹೋದ. ಒಥೆಲೋನನ್ನು ಕಂಡು ನಡುಗಿದವಳನ್ನು ಇಷ್ಟು ದೂರ ತಂದದ್ದು ಲಂಡನ್ನಿನ ರಂಗಮಂದಿರವಲ್ಲ. ತನ್ನ ಅಡಿಗೆಮನೆಯಲ್ಲಿ, ತನ್ನ ಹೊಲದಲ್ಲಿ, ಜೊತೆಯಲ್ಲಿ ದುಡಿದವರ ಮುಖಗಳನ್ನು ವರ್ಷಗಟ್ಟಲೆ ಕಂಡದ್ದು ಎಂದು ನಾನು ತಿಳಿಯುತ್ತೇನೆ. 1800ರ ನವೆಂಬರಿನಲ್ಲಿ ಅಧ್ಯಕ್ಷರ ಹೊಸ ಭವನಕ್ಕೆ ಬಂದಾಗಲೂ ಅವಳ ಕಣ್ಣು ಅಲ್ಲಿಗೇ ಹೋಯಿತು. ಭವನವಿನ್ನೂ ಮುಗಿದಿರಲಿಲ್ಲ, ಮುಂದೆ ಲೋಕವಿಖ್ಯಾತವಾದ ಪೂರ್ವದ ದೊಡ್ಡ ಹಜಾರದಲ್ಲಿ ಹಗ್ಗ ಕಟ್ಟಿ ಒಗೆದ ಬಟ್ಟೆ ಒಣಗಹಾಕಿಸಿದಳು. ಕಿಟಕಿಯಿಂದ ನೋಡಿದರೆ ಅರೆಬಟ್ಟೆಯ ಗುಲಾಮರು ಮಣ್ಣು ಹೊರುತ್ತಿದ್ದರು, ಒಡೆಯರು ಸುಮ್ಮನೆ ನಿಂತಿದ್ದರು. ಆ ದೃಶ್ಯವನ್ನು ಕಟುವಾಗಿ ವರ್ಣಿಸಿ ಊರಿಗೆ ಬರೆದಳು.

1801ರಲ್ಲಿ ಚುನಾವಣೆ ಸೋತು ದಂಪತಿಗಳು ಊರಿಗೆ ಮರಳಿದರು. ಅಂಗಳದಲ್ಲಿ ನೂರು ಗಾಡಿ ಪಾಚಿ ಬಿದ್ದಿರುವುದನ್ನು ಕಂಡು, ಬಿರುದುಬಾವಲಿಗಳನ್ನು ಕೊಟ್ಟು ಗೊಬ್ಬರ ಪಡೆದೆ, ವ್ಯಾಪಾರ ಲಾಭದ್ದೇ ಎಂದು ಮಾಜಿ ಅಧ್ಯಕ್ಷ ನಕ್ಕ. ಪ್ಯಾರಿಸು ಲಂಡನ್ನುಗಳ ದರ್ಬಾರುಗಳಲ್ಲಿ ನಿಂತು ಬಂದಿದ್ದ ಅವನ ಹೆಂಡತಿ ಬೆಳಗಿನ ಐದು ಗಂಟೆಗೇ ಎದ್ದು ಹಾಲಿನ ಕೆನೆ ತೆಗೆಯುವ ಕೆಲಸಕ್ಕೆ ನಿಂತಳು.

ಇನ್ನು ಆ 1776ರ ನಗೆಗೆ ಉತ್ತರ. ಅಂದಿನ ಆಂಗ್ಲ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿಗೆ ಸ್ವಂತದ ಹಣವೇ ಇಲ್ಲ, ಗಳಿಸಿದ್ದೆಲ್ಲ ಗಂಡನದು. ನಮ್ಮ ಧರ್ಮಶಾಸ್ತ್ರಗಳಲ್ಲಿ ಸ್ತ್ರೀಧನವೆಂಬ ಮಾತಾದರೂ ಉಂಟು. ಆಚರಣೆಯಲ್ಲಿ ಅದೆಷ್ಟು ಉಳಿಯಿತೆಂಬುದು ಬೇರೆ ಪ್ರಶ್ನೆ. ಅಬಿಗೇಲ್ ಮಾತ್ರ ತಾನು ವ್ಯಾಪಾರದಿಂದ, ಸಾಲಪತ್ರಗಳಿಂದ ಕೂಡಿಸಿದ್ದನ್ನು ತನ್ನದೆಂದೇ ಬಗೆದಿದ್ದಳು. 1816ರ ಜನವರಿಯಲ್ಲಿ, ಕಾನೂನು ಕೊಡದ ಹಕ್ಕನ್ನು ತಾನೇ ತೆಗೆದುಕೊಂಡು, ಕೈಯಾರೆ ಉಯಿಲು ಬರೆದಳು. 5,000 ಡಾಲರಿಗೂ ಮಿಕ್ಕ ಆ ಸ್ವತ್ತಿನ ಬಹುಭಾಗ ಹೋದದ್ದು ಹೆಂಗಸರಿಗೆ: ಮೊಮ್ಮಗಳಂದಿರಿಗೆ, ಸೋದರಿಯರ ಹೆಣ್ಣುಮಕ್ಕಳಿಗೆ, ಸೊಸೆಯರಿಗೆ, ಮನೆಯಲ್ಲಿ ದುಡಿದ ಹೆಣ್ಣಾಳುಗಳಿಗೆ. ಮದುವೆಯ 54ನೆಯ ವರ್ಷ ತುಂಬಿ ಮೂರು ದಿನಕ್ಕೆ, 1818ರ ಅಕ್ಟೋಬರ್ 28ರಂದು, ವಿಷಮಶೀತಜ್ವರದಿಂದ ಆಕೆ ತೀರಿಕೊಂಡಳು. ಸೇಬಿನ ಕುಯ್ಲು ಮುಗಿಯುವ ಹೊತ್ತು ಅದು. ನ್ಯಾಯಾಲಯ ಆ ಉಯಿಲನ್ನು ಒಪ್ಪಬೇಕಾಗಿರಲಿಲ್ಲ. ವಕೀಲನಾದ ಗಂಡನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಜಾನ್ ಆಡಮ್ಸ್ ಅದರಂತೆಯೇ ಎಲ್ಲರಿಗೂ ಹಂಚಿಸಿದ. ನಕ್ಕು ತಳ್ಳಿಹಾಕಿದ ಮಾತನ್ನು 42 ವರ್ಷಗಳ ಮೇಲೆ, ಮಾತಾಡದೆ, ನಡೆಸಿಕೊಟ್ಟ. ಮುಂದೆ 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ತಾನೂ ಹೋದ.

1946ರಲ್ಲಿ ವಂಶದವರು ಆ ಮನೆಯನ್ನು ರಾಷ್ಟ್ರಕ್ಕೆ ಒಪ್ಪಿಸಿದರು. ಇಂದಿಗೂ ಜನ ಹೋಗಿ ನೋಡುತ್ತಾರೆ. ಅಬಿಗೇಲ್ ಇಂಗ್ಲೆಂಡಿನಿಂದ ತಂದು ನೆಟ್ಟದ್ದೆಂದು ಹೇಳುವ ಗುಲಾಬಿಯನ್ನೂ ತೋರಿಸುತ್ತಾರೆ.

ಈಗ ನಮ್ಮ ಮಧ್ಯಮವರ್ಗದ ದಂಪತಿಗಳೂ ಲಂಡನ್ನು ಪ್ಯಾರಿಸು ಕಂಡು ಬರುತ್ತಾರೆ. ಮಕ್ಕಳಿರುವ ದೇಶಕ್ಕೆ ಹೋಗಿ ಆರು ತಿಂಗಳು ಇದ್ದು ಬರುವವರೂ ಉಂಟು. ಒಳ್ಳೆಯದೇ. ನೋಡಿ ಬಂದದ್ದನ್ನು ಬರೆಯಲಿ, ನಾವು ಓದೋಣ. ಆದರೆ ಆ ಆರು ತಿಂಗಳು ತುಳಸಿಗೆ ನೀರೆರೆದವರು ಯಾರು, ಒಣಗಿದ ತೆಂಗಿನಗರಿ ಎಳೆದುಹಾಕಿದವರು ಯಾರು, ಬಾಗಿಲಿಗೆ ಬಂದ ಕಾಗದ ಎತ್ತಿಟ್ಟವರು ಯಾರು ಎಂಬುದಕ್ಕೂ ಆ ಬರಹದಲ್ಲಿ ಒಂದು ಪುಟವಿರಲಿ. ಅವರಿಗೂ ಒಂದು ಹೆಸರಿರುತ್ತದೆ. ಫೀಬಿಗೆ ಇದ್ದಂತೆ.